ಕಾಗದದಾಗ ಇಲ್ಲದ ಖೋಲಿ

ಸುಭಾಷನನ್ನು ಹಿಡಿದದ್ದು ಮಂಗಳವಾರ ಮುಂಜಾನೆ ಎಂಟೂವರೆಗೆ, ಬೆಟಗೇರಿಯಲ್ಲಿ, ಅವನು ಚಹಾ ಕುಡಿದು ಕಪ್ಪು ಕೆಳಗಿಡುವ ಹೊತ್ತಿಗೆ. ನಂಬರ್ ಪ್ಲೇಟಿಗೆ ಕೆಸರು ಮೆತ್ತಿದ ಜೀಪು, ನಾಲ್ಕು ಮಂದಿ, ಒಬ್ಬರ ಮೈಮೇಲೂ ಖಾಕಿ ಇಲ್ಲ. "ಸಾಹೇಬ್ರು ಕರೀತಾರ, ಐದು ಮಿನಿಟ್ ಬಂದು ಹೋಗು" ಅಂದರು. ಯಾವ ಸಾಹೇಬರು ಅಂತ ಅವನು ಕೇಳಿದ. ಕುತ್ತಿಗೆಗೆ ಕೈ ಹಾಕಿ ಜೀಪಿನೊಳಗೆ ದಬ್ಬಿದರು. ಚಹಾದಂಗಡಿ ಮುಂದೆ ಹತ್ತು ಹನ್ನೊಂದು ಜನ ಇದ್ದರು. ಎಲ್ಲರೂ ನೋಡಿದರು. ಆಮೇಲೆ ಕೇಳಿದರೆ ಒಬ್ಬನೂ ನೋಡಿರಲಿಲ್ಲ.

ಖಬರ ಮುಟ್ಟಿದಾಗ ಅವನ ಅಕ್ಕ ನೀಲಾ ಮಗ್ಗದ ಮುಂದೆ ಕುಂತಿದ್ದಳು. ಗಂಡನ ಮನೆ ಬಿಟ್ಟು ಬಂದು ಆರು ವರ್ಷ. ಸೀರೆ ನೇಯ್ದು ತಾನೂ ಉಂಡು ತಮ್ಮನಿಗೂ ಹಾಕುತ್ತಿದ್ದಳು. ತಮ್ಮನದು ಪಗಾರ ಇಲ್ಲದ ಕೆಲಸ. ಪೊಲೀಸರ ಕೈಯಾಗ ಪೆಟ್ಟು ತಿಂದವರ ಮನೆಗೆ ಹೋಗುವುದು, ಅವರು ಹೇಳಿದ್ದನ್ನು ಬರೆದುಕೊಳ್ಳುವುದು, ಬಾಸುಂಡೆಯ ಫೋಟೊ ತೆಗೆಯುವುದು, ಮಾನವ ಹಕ್ಕುಗಳ ಆಯೋಗಕ್ಕೆ ಅರ್ಜಿ ಹಾಕುವುದು. ಊರ ಉಸಾಬರಿ ನಿನಗ್ಯಾಕ ಅಂತ ನೀಲಾ ಸಾವಿರ ಸಲ ಬೈದಿದ್ದಳು. "ಯಾರಾರ ಒಬ್ಬರು ಬರದಿಡಬೇಕಲ್ಲಕ್ಕಾ" ಅನ್ನುತ್ತಿದ್ದ. ಅಷ್ಟೇ ಅವನ ಉತ್ತರ.

ಅವನು ಕೊನೆಗೆ ಬರೆದಿಟ್ಟದ್ದು ನಯಾಜನ ಸಂಗತಿ. ನಯಾಜ ಅದೇ ಓಣಿಯ ಆಟೋದವನು. ಕಳುವಿನ ಬ್ಯಾಟರಿ ಕೊಂಡಿದ್ದಾನೆ ಅಂತ ಅವನನ್ನು ಎರಡು ದಿನ ಕೂಡಿಹಾಕಿ ಎಡಗಾಲಿನ ಎಲುಬು ಮುರಿದಿದ್ದರು. ಬ್ಯಾಟರಿ ಅವನದೇ ಅಂತ ಗೊತ್ತಾದ ಮೇಲೆ ಬಿಟ್ಟು ಕಳಿಸಿದ್ದರು. ಬ್ಯಾಟರಿ ಮಾತ್ರ ಕೊಟ್ಟಿರಲಿಲ್ಲ. ಆ ಅರ್ಜಿ ವಾಪಸ್ ತಗೋ ಅಂತ ಸುಭಾಷನಿಗೆ ಮೂರು ಸಲ ಫೋನು ಬಂದಿತ್ತು. ಮೂರು ಸಲವೂ ಅವನು ಫೋನ್ ಮಾಡಿದವರ ಹೆಸರು ಕೇಳಿ ಬರೆದುಕೊಂಡಿದ್ದ.

ಮಂಗಳವಾರ ಇಡೀ ದಿನ ನೀಲಾ ಗದಗಿನಲ್ಲಿ ಅಲ್ಲಿ ಇಲ್ಲಿ ಕೇಳಿದಳು. ಯಾರಿಗೂ ಏನೂ ಗೊತ್ತಿರಲಿಲ್ಲ. ಸಂಜೆ ಧಾರವಾಡದ ಪದ್ಮಜಾ ವಕೀಲರಿಗೆ ಫೋನ್ ಹಚ್ಚಿದಳು. ಸುಭಾಷನ ಅರ್ಜಿಗಳನ್ನೆಲ್ಲ ಅವರೇ ನೋಡುತ್ತಿದ್ದರು.

"ನೋಡ್ರಿ ನೀಲಾ, ಹಿಡದ ಇಪ್ಪತ್ನಾಕು ತಾಸಿನೊಳಗ ಮ್ಯಾಜಿಸ್ಟ್ರೇಟರ ಮುಂದ ತರಬೇಕು. ಅದು ಕಾಯ್ದೆ. ಆದ್ರ ಹಿಡದೇ ಇಲ್ಲ ಅಂದ್ರ ತಾಸು ಶುರುನ ಆಗೂದಿಲ್ಲ. ಅವರು ಯಾವತ್ತು ಬರೀತಾರ, ಅವತ್ತ ಹಿಡದಂಗ. ಅಲ್ಲೀತನಕ ನಿಮ್ಮ ತಮ್ಮ ಎಲ್ಲೂ ಇಲ್ಲ."

"ಎಲ್ಲೂ ಇಲ್ಲ ಅಂದ್ರ ಹ್ಯಾಂಗ್ರಿ? ಎಲ್ಲ್ಯರ ಇರಬೇಕಲ್ಲ?"

"ಎಲ್ಲಿ ಅದಾರ ಅಂತ ಹುಡುಕ್ರಿ. ಜಾಗ ಗೊತ್ತಾದ್ರ ಹೈಕೋರ್ಟಿಗೆ ಹೋಗೂಣು. ಜಲ್ದಿ ಹುಡುಕ್ರಿ. ಹಿಂಗ ಎಲ್ಲೂ ಇಲ್ಲದಾಗನ ಹೊಡೆಯೂದು."

ಬುಧವಾರ ಮುಂಜಾನೆ ನೀಲಾ ಒಂದು ಬಿಳೇ ಅರಿವೆಯಲ್ಲಿ ಬುತ್ತಿ ಕಟ್ಟಿದಳು. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಎಣ್ಣೆಗಾಯಿ. ಖಡಕ್ ರೊಟ್ಟಿ ಯಾಕಂದರೆ ಅವು ನಾಲ್ಕು ದಿನ ಇದ್ದರೂ ಕೆಡುವುದಿಲ್ಲ, ತಮ್ಮ ಯಾವಾಗ ಸಿಗುತ್ತಾನೋ ಗೊತ್ತಿಲ್ಲ. ಠಾಣೆಗೆ ಹೋಗುವವರು ಬುತ್ತಿ ಒಯ್ಯುವುದು ಇಲ್ಲಿಯ ಪದ್ಧತಿ. ಒಳಗಿದ್ದವನ ಹೊಟ್ಟೆ ಸರಕಾರ ತುಂಬಿಸುತ್ತದೆ ಅಂತ ಈ ಕಡೆ ಯಾರೂ ನಂಬಿಲ್ಲ.

ನಯಾಜ ಆಟೋ ತಂದು ನಿಲ್ಲಿಸಿದ. "ಕುಂಡ್ರಕ್ಕಾ. ಮೀಟರ್ ಹಾಕೂದಿಲ್ಲ, ಹೆದರಬ್ಯಾಡ."

"ನಿನ್ನ ಮೀಟರ್ ಯಾವತ್ತರ ನಡದೈತೇನ?"

"ನನ್ನ ಕಾಲಽ ನಡೀವಲ್ದು, ಮೀಟರ್ ಎಲ್ಲಿ ನಡೀತೈತಿ?"

ಲಕ್ಷ್ಮೇಶ್ವರದ ಠಾಣೆಗೆ ಹೋದರು. ಅಲ್ಲಿಂದ ಶಿರಹಟ್ಟಿ. ಅಲ್ಲಿಂದ ಮುಂಡರಗಿ. ಒಂದು ಕಡೆ ರಿಜಿಸ್ಟರ್ ತೆಗೆದು ತೋರಿಸಿದರು. ಇನ್ನೊಂದು ಕಡೆ ಕುಂಡ್ರಿಸಿ ನೀರು ಕೊಟ್ಟರು. ಮೂರೂ ಕಡೆ ಇಲ್ಲ ಅಂದರು, ಮೂರೂ ಕಡೆ ಅದು ಖರೆನೇ ಇತ್ತು. ಮುಂಡರಗಿಯಲ್ಲಿ ಚಹಾ ತರಿಸಿದರೆ ನಯಾಜ ಕುಡಿಯಲಿಲ್ಲ. ಲೋಟ ತಿರುಗಿಸುತ್ತಾ ಕುಂತ.

"ಅಕ್ಕಾ, ಇನ್ನೊಂದು ಜಾಗ ಐತಿ. ಇಲ್ಲಿಂದ ಅರ್ಧಾ ತಾಸು. ಒಂದು ಹೊರಠಾಣೆ. ನನ್ನ ಇಟ್ಟಿದ್ದು ಅಲ್ಲೇ. ಹೊರಗ ಬೋರ್ಡ್ ಐತಿ, ಒಳಗ ಒಂದು ಟೇಬಲ್, ಹಿಂದ ಒಂದು ಖೋಲಿ. ಆ ಖೋಲಿ ಕಾಗದದಾಗ ಇಲ್ಲ. ಹಳೇ ಸೈಕಲ್ ಇಡೂ ಜಾಗ ಅಂತಾರ."

ನೀಲಾ ಅವನ ಮುಖ ನೋಡಿದಳು. "ಮುಂಜಾನಿಂದ ಗೊತ್ತಿತ್ತೇನ ನಿಂಗ?"

"ಗೊತ್ತಿತ್ತು."

"ಮತ್ತ ಮೂರು ತಾಲೂಕು ತಿರಗಿಸಿದೆಲ್ಲೋ?"

"ಬ್ಯಾರೇ ಕಡೆ ಸಿಗಲಿ ಅಂತ ದುವಾ ಮಾಡಕೋತ ಬಂದೆ" ಅಂದ ನಯಾಜ. ಬಗ್ಗಿ ಬೆಂಚಿನ ಕೆಳಗೆ ಎಡಗಾಲು ತಿಕ್ಕಿಕೊಂಡ. ನೀಲಾ ಬುತ್ತಿ ಎತ್ತಿಕೊಂಡು ಆಟೋದ ಕಡೆ ನಡೆದಳು.

ಆ ಊರಿನ ಹೆಸರು ಇಲ್ಲಿ ಬೇಕಾಗಿಲ್ಲ. ನಯಾಜ ಆಟೋವನ್ನು ದೂರದ ಬೇವಿನ ಗಿಡದ ಕೆಳಗೆ ನಿಲ್ಲಿಸಿದ, ಇಳಿಯಲಿಲ್ಲ. ನೀಲಾ ಒಬ್ಬಳೇ ಒಳಗೆ ಹೋದಳು. ಟೇಬಲ್ಲಿನ ಹಿಂದೆ ಹೆಡ್ ಕಾನ್‌ಸ್ಟೇಬಲ್ ಒಬ್ಬ ಕುಂತಿದ್ದ. ಐವತ್ತೈದು ದಾಟಿದ ಮನುಷ್ಯ. ಎದೆಯ ಮೇಲಿನ ಪಟ್ಟಿಯಲ್ಲಿ ಹೆಸರಿತ್ತು: ದೇವಪ್ಪ.

"ಸುಭಾಷ ಅಂತ ನನ್ನ ತಮ್ಮ. ಬೆಟಗೇರ್ಯಾವ. ಇಲ್ಲಿ ಅದಾನೇನ್ರಿ?"

"ಇಲ್ಲಿ ಯಾರನ್ನೂ ಇಡೂದಿಲ್ಲವಾ. ಇದು ಹೊರಠಾಣೆ. ಲಾಕಪ್ ಇಲ್ಲ ಇಲ್ಲಿ."

"ಬುತ್ತಿ ತಂದಿದ್ದೆ."

"ಇಲ್ಲದವರಿಗೆ ಹ್ಯಾಂಗ ಕೊಡ್ಲಿ ತಂಗಿ?"

"ನೀವಾರ ಉಣ್ರಿ. ಮುಂಜಾನಿಂದ ಹೊತಗೊಂಡು ತಿರಗಾಕತ್ತೀನಿ. ಹೊಳ್ಳಿ ಮನಿಗೆ ಒಯ್ಯೂದಿಲ್ಲ."

ಟೇಬಲ್ ಮೇಲೆ ಇಟ್ಟು ಗಂಟು ಬಿಚ್ಚಿದಳು. ಈ ಭಾಗದಲ್ಲಿ ಕಣ್ಣ ಮುಂದೆ ಬುತ್ತಿ ಬಿಚ್ಚಿದರೆ ಸುಮ್ಮನೆ ಕುಂಡ್ರುವವರಿಲ್ಲ. ಯಾರು ಮಾಡಿದ್ದು, ಜ್ವಾಳ ಯಾವುದು, ಖಾರ ಎಷ್ಟು, ಏನಾದರೂ ಒಂದು ಮಾತು ಬಂದೇ ಬರುತ್ತದೆ. ಹೊಲದಲ್ಲಾಗಲಿ, ಬಸ್ಸಿನಲ್ಲಾಗಲಿ, ಗುರುತು ಇರಲಿ ಬಿಡಲಿ. ದೇವಪ್ಪನೂ ಅದೇ ಮಣ್ಣಿನವನು. ಅವನ ಕೈ ಮುಂದೆ ಬಂದು ಒಂದು ರೊಟ್ಟಿಯ ಅಂಚು ಮುರಿಯಿತು. ಚಟಕ್ಕನೆ ಮುರಿಯಿತು.

"ಖಡಕ್ ತಂದೀಯಲ್ಲವಾ" ಅಂದ, ಅಂಚನ್ನು ನೋಡುತ್ತಾ. "ಇವು ಬ್ಯಾಡಾಗಿತ್ತು. ಅವಂಗ ಅಗಿಯಾಕ ಆಗೂದಿಲ್ಲ. ಮೆತ್ತನ್ನ ರೊಟ್ಟಿ ತಂದಿದ್ರ ತಿಂತಿದ್ದ."

ಅಂದು ಮುಗಿಸಿದ ಮೇಲೆ ತಾನು ಅಂದದ್ದು ಅವನಿಗೇ ಕೇಳಿಸಿತು. ತಲೆ ಎತ್ತಲಿಲ್ಲ. ಮುರಿದ ಚೂರನ್ನು ರೊಟ್ಟಿಯ ಮೇಲೆ ಇಟ್ಟ, ಸರಿಯಾಗಿ ಹೊಂದುವ ಹಾಗೆ.

ನೀಲಾಗೆ ಹಿಂದಿನ ಬಾಗಿಲಿಗೆ ಓಡಬೇಕು ಅನ್ನಿಸಿತು. ಓಡಿದರೆ ಸಂಜೆಯೊಳಗೆ ತಮ್ಮ ಇನ್ನೊಂದು ಕಡೆ ಇರುತ್ತಾನೆ ಅನ್ನುವುದೂ ಹೊಳೆಯಿತು. ಅಲ್ಲೇ ಕಾಲೂರಿ ನಿಂತಳು. "ಆತ್ರಿ. ಮೆತ್ತನ್ನವು ಮಾಡತೀನಿ."

"ಯಾರಿಗೆ?" ಅಂದ ದೇವಪ್ಪ. "ಇಲ್ಲಿ ಯಾರೂ ಇಲ್ಲಂತ ಹೇಳಿದೆನಲ್ಲ. ಹೋಗು. ಸಾಹೇಬ್ರು ಬರೂ ಹೊತ್ತಾತು."

ಆದರೆ ಬುತ್ತಿ ಹಿಂದಕ್ಕೆ ಕೊಡಲಿಲ್ಲ.

ಗಿಡದ ತನಕ ಅವಳು ಸಾವಕಾಶ ನಡೆದಳು. ನಯಾಜ ಆಟೋ ಚಾಲೂ ಮಾಡಿ ಒಂದು ಮೈಲಿ ಹೋದ ಮೇಲೆ ಕೇಳಿದ, "ಅದಾನ?"

"ಅದಾನ. ಅಗಿಯಾಕ ಆಗೂದಿಲ್ಲಂತ."

"ಹಂಗಂದ್ರ ನನಗ ಕಾಲು, ಅವಂಗ ಬಾಯಿ" ಅಂದ ನಯಾಜ. "ಬರಿಯಾವನ ಕೈ ಬಿಟ್ಟಾರ ನೋಡು, ದಡ್ಡರು."

ಗುರುವಾರ ಮುಂಜಾನೆ ಮೊದಲ ಬಸ್ಸಿಗೆ ನೀಲಾ ಧಾರವಾಡಕ್ಕೆ ಹೋದಳು. ಪದ್ಮಜಾ ವಕೀಲರು ಅಫಿಡವಿಟ್ ಟೈಪ್ ಮಾಡಿಸುತ್ತಾ ನಡುವೆ ನಿಲ್ಲಿಸಿದರು.

"ಯಾರೋ ಹೇಳಿದ್ರು ಅಂದ್ರ ಕೋರ್ಟಿನ್ಯಾಗ ನಡಿಯೂದಿಲ್ಲ ನೀಲಾ. ಹೆಸರು ಬೇಕು. ಯಾವ ವಾರ, ಎಷ್ಟು ಗಂಟೆ, ಏನಂದ್ರು, ಹಂಗ ಹಂಗಽ ಬರೀಬೇಕು."

"ಹೆಸರು ಬರದ್ರ ಆ ಮನಷ್ಯಾಗ?"

"ಸಸ್ಪೆಂಡ್ ಮಾಡ್ತಾರ. ಮ್ಯಾಲಿನವರನ್ನ ಮುಟ್ಟಾಕ ಟೈಮ್ ಹಿಡೀತದ. ಅವನನ್ನ ನಾಳೆ ಮುಟ್ತಾರ."

"ಪಾಪ, ಕಾಳಜೀಲೆ ಅಂದಾನ್ರಿ."

"ಗೊತ್ತದ. ನೀವು ಬ್ಯಾಡ ಅಂದ್ರ ತೆಗೀತೀನಿ. ತೆಗದ್ರ ನಿಮ್ಮ ತಮ್ಮನ್ನ ಯಾವತ್ತು ಹಿಡದ್ರು ಅನ್ನೂದನ್ನ ಅವರಽ ಬರೀತಾರ. ಅಗಿಯಾಕ ಆಗದಂಗ ಆದದ್ದು ಎಲ್ಲಿ ಅನ್ನೂದನ್ನೂ ಅವರಽ ಬರೀತಾರ."

ನೀಲಾ ಗೋಡೆಯ ಮೇಲಿನ ಕ್ಯಾಲೆಂಡರ್ ನೋಡಿದಳು. ಮಂಗಳವಾರ, ಬುಧವಾರ, ಗುರುವಾರ. ಆ ಮನುಷ್ಯ ಕೆಟ್ಟವನಾಗಿದ್ದರೆ ಎಷ್ಟು ಹಗುರ ಆಗುತ್ತಿತ್ತು ಅಂದುಕೊಂಡಳು. "ಬರೀರಿ. ದೇವಪ್ಪ. ಪಟ್ಟಿ ಮ್ಯಾಲ ನಾನಽ ಓದೀನಿ" ಅಂದಳು. ಸಹಿ ಮಾಡಿದಳು.

ಶುಕ್ರವಾರ ಹೈಕೋರ್ಟಿನಿಂದ ನೋಟಿಸು ಹೊರಟಿತು. ಅದೇ ಮಧ್ಯಾಹ್ನ ಮೂರು ಗಂಟೆಗೆ ಸುಭಾಷ ಒಂದು ಬಸ್ ಸ್ಟ್ಯಾಂಡಿನಲ್ಲಿ 'ಸಿಕ್ಕ'. ಸರಕಾರಿ ಕೆಲಸಕ್ಕೆ ಅಡ್ಡಿ ಮಾಡಿದ, ಹಿಡಿಯಲು ಹೋದಾಗ ಓಡಿ ಬಿದ್ದ ಅಂತ ಕೇಸು. ಮೂರು ದಿನ ನಾಲ್ಕು ಮಂದಿ ಸೇರಿ ಮಾಡಿದ ಕೆಲಸವನ್ನು ಕಾಗದದಲ್ಲಿ ಅವನೊಬ್ಬನೇ ಓಡಿ, ಒಬ್ಬನೇ ಬಿದ್ದು, ಒಂದು ನಿಮಿಷದಲ್ಲಿ ಮಾಡಿಕೊಂಡಿದ್ದ. ಜಾಮೀನು ಆಗುವುದಕ್ಕೆ ಹನ್ನೊಂದು ದಿನ ಹಿಡಿಯಿತು. ಹೊರಗೆ ಬಂದವನ ಬಾಯಲ್ಲಿ ಮುಂದಿನ ಎರಡು ಹಲ್ಲು ಇರಲಿಲ್ಲ. ಅಷ್ಟರೊಳಗೆ ಶಿಸ್ತು ಮುರಿದದ್ದಕ್ಕೆ ಅಂತ ದೇವಪ್ಪ ಸಸ್ಪೆಂಡ್ ಆಗಿದ್ದ.

ಸುಭಾಷನಿಗೆ ಅದು ಗೊತ್ತಾದ ದಿನ ಅವನು ಗಂಜಿ ಬಟ್ಟಲು ದೂರ ಸರಿಸಿದ.

"ಒದ್ದವರು ನಾಕೂ ಮಂದಿ ಡ್ಯೂಟಿ ಮ್ಯಾಲ ಅದಾರಕ್ಕಾ. ರೊಟ್ಟಿ ನೀರಾಗ ನೆನಸಿ ಬಾಯಾಗ ಇಟ್ಟಾವ ಮನ್ಯಾಗ ಕುಂತಾನ."

"ನಾ ಏನ ಮಾಡಬೇಕಿತ್ತು? ಹೇಳು."

ಸುಭಾಷ ಬಟ್ಟಲನ್ನು ಮತ್ತೆ ಹತ್ತಿರ ಎಳೆದುಕೊಂಡ. "ಮಾಡಿದ್ದು ಸರೀನ ಐತಿ. ಸರಿ ಐತಿ ಅನ್ನಾಕ ಬಾಯಿ ನೋಯ್ತೈತಿ, ಅಷ್ಟ."

ಹಿಡಿದದ್ದು ಯಾವತ್ತು, ಇಟ್ಟದ್ದು ಎಲ್ಲಿ ಅಂತ ವಿಚಾರಣೆ ಮಾಡಲು ಗದಗಿನ ನ್ಯಾಯಾಧೀಶರೊಬ್ಬರಿಗೆ ಹೈಕೋರ್ಟು ಹೇಳಿತು. ಈಗ ಎಲ್ಲವೂ ದೇವಪ್ಪನ ಒಂದು ಮಾತಿನ ಮೇಲೆ ನಿಂತಿತ್ತು. ಅವನು ಅಂದಿಲ್ಲ ಅಂದರೆ ಮಂಗಳವಾರದಿಂದ ಶುಕ್ರವಾರದ ತನಕ ಸುಭಾಷ ಎಲ್ಲೂ ಇರಲಿಲ್ಲ. ವಿಚಾರಣೆಯ ಎರಡು ದಿನ ಮೊದಲು ಅಕ್ಕ ತಮ್ಮ ಇಬ್ಬರೂ ಸೊರಟೂರಿಗೆ, ದೇವಪ್ಪನ ಮನೆಗೆ ಹೋದರು. ಕೇಳಬೇಕಾದದ್ದು ಏನು ಅಂತ ಇಬ್ಬರಿಗೂ ಸರಿಯಾಗಿ ಗೊತ್ತಿರಲಿಲ್ಲ.

ದೇವಪ್ಪನ ಹೆಂಡತಿ ಹನಮಂತವ್ವ ಬಾಗಿಲಲ್ಲೇ ನಿಂತು ನೀಲಾಳನ್ನು ಮೇಲಿಂದ ಕೆಳಗೆ ನೋಡಿದಳು. "ಹೆಸರು ಬರದಾಕಿ ಈಕಿನ ಏನು?" ಅಂದಳು. ಆದರೂ ಚಹಾ ತಂದಳು. ಕಪ್ಪು-ಬಸಿ ಕೆಳಗಿಟ್ಟ ಸಪ್ಪಳ ಸ್ವಲ್ಪ ಜೋರಿತ್ತು.

"ನಮ್ಮ ಠಾಣೆ ಸಾಹೇಬ್ರು ನಿನ್ನಿ ಫೋನ್ ಮಾಡಿದ್ರು" ಅಂದ ದೇವಪ್ಪ. ಮನೆಯಲ್ಲಿ ಬನಿಯನ್ ಹಾಕಿಕೊಂಡು ಕುಂತಾಗ ಅವನು ಇನ್ನೂ ಸಣ್ಣವನಾಗಿ ಕಾಣುತ್ತಿದ್ದ. "ಅಂದಿಲ್ಲ ಅಂತ ಹೇಳಿದ್ರ ಸೋಮವಾರ ಡ್ಯೂಟಿಗೆ ಬಾ ಅಂದ್ರು. ಅಂದೀನಿ ಅಂದ್ರ ಪೆನ್ಶನ್ ಮರತ ಬಿಡು ಅಂದ್ರು."

"ನೀವು ಏನ ಅಂದ್ರಿ ಕಾಕಾ?" ಸುಭಾಷ ಕೇಳಿದ.

"ಹೂಂ ಅಂದೆ. ಎರಡಕ್ಕೂ." ಆಮೇಲೆ ನೀಲಾಳ ಕಡೆ ತಿರುಗಿ, "ನೀ ಒಂದು ಮಾತು ಹೇಳಿ ಬರೀಬೇಕಿತ್ತವಾ" ಅಂದ.

"ಹೇಳಿದ್ರ ಏನಂತಿದ್ರಿ?"

"ಬ್ಯಾಡ ಅಂತಿದ್ದೆ."

"ಅದಕ್ಕಽ ಹೇಳಲಿಲ್ಲರಿ" ಅಂದಳು ನೀಲಾ. ಒಳಗೆ ಹನಮಂತವ್ವ ಪಾತ್ರೆಯೊಂದನ್ನು ನೆಲಕ್ಕೆ ಕುಕ್ಕಿದಳು. ಚಹಾ ಕುಡಿದು ಎದ್ದು ಬಂದರು.

ವಿಚಾರಣೆಯ ದಿನ ಮೊದಲು ನೀಲಾಳ ಹೇಳಿಕೆ ಆಯಿತು. ಆಮೇಲೆ ಸುಭಾಷ. ಮೂರನೆಯವನು ದೇವಪ್ಪ. ಇಸ್ತ್ರಿ ಮಾಡಿದ ಬಿಳೇ ಅಂಗಿ, ಎರಡೂ ಕೈ ಕಟ್ಟಿಕೊಂಡು ನಿಂತ.

"ಬುಧವಾರ ಈ ಹೆಣ್ಣುಮಗಳು ಹೊರಠಾಣೆಗೆ ಬಂದಿದ್ದರೇ?" ನ್ಯಾಯಾಧೀಶರು ಕೇಳಿದರು.

"ಬಂದಿದ್ಳರಿ."

"ಖಡಕ್ ರೊಟ್ಟಿ ಬೇಡ ಅಂತ ನೀವು ಹೇಳಿದಿರಾ?"

ಹಿಂದಿನ ಸಾಲಿನಲ್ಲಿ ಫೋನ್ ಮಾಡಿದ್ದ ಠಾಣೆಯ ಸಾಹೇಬರು ಕುಂತಿದ್ದರು. ದೇವಪ್ಪ ಆ ಕಡೆ ನೋಡಲಿಲ್ಲ. ಈ ಕಡೆಯೂ ನೋಡಲಿಲ್ಲ. "ಹೇಳೀನ್ರಿ" ಅಂದ.

"ಅಂದರೆ ಸುಭಾಷ ಆ ದಿನ ಅಲ್ಲಿದ್ದ?"

"ಇದ್ದರಿ. ಹಿಂದಿನ ಖೋಲ್ಯಾಗ. ಮಂಗಳವಾರದಿಂದ."

ಪದ್ಮಜಾ ವಕೀಲರು ಕಣ್ಣು ಮುಚ್ಚಿ ತೆಗೆದರು. ಸುಭಾಷ ಅಕ್ಕನ ಮೊಳಕೈ ಹಿಡಿದ.

"ಅಗಿಯುವುದಕ್ಕೆ ಯಾಕೆ ಆಗುತ್ತಿರಲಿಲ್ಲ?"

ಇಲ್ಲಿ ದೇವಪ್ಪ ತಡವರಿಸಿದ. "ಹಲ್ಲು ಬ್ಯಾನಿ ಅಂದಿದ್ದರಿ" ಅಂದ.

"ಯಾರಾದರೂ ಹೊಡೆದದ್ದನ್ನು ನೋಡಿದ್ದೀರಾ?"

"ನಾ ಹೊರಗ ಟೇಬಲ್ಲಿನ ಮ್ಯಾಲ ಇದ್ದೆರಿ. ನೋಡಿಲ್ಲರಿ."

ಹಿಂದಿನ ಸಾಲಿನಲ್ಲಿ ಸಾಹೇಬರು ಬೆನ್ನು ಒರಗಿಸಿ ಕುಂತರು. ಟೈಪಿಸ್ಟ್ ಹುಡುಗಿ ಹಲ್ಲುನೋವು ಅಂತ ಹೊಡೆದಳು. ಅಲ್ಲಿದ್ದ ಪ್ರತಿಯೊಬ್ಬರಿಗೂ ಅರ್ಧರ್ಧ ಸಿಕ್ಕಿತ್ತು. ದೇವಪ್ಪ ತನ್ನ ಮನಸ್ಸಿನಲ್ಲಿ ಅಳೆದು ತೂಗಿ ತಂದದ್ದು ಅಷ್ಟೇ.

ನೀಲಾ ಎದ್ದು ನಿಂತಳು. "ಸಾಹೇಬ್ರ, ನಂದು ಒಂದು ಮಾತು ಐತ್ರಿ."

"ನಿಮ್ಮ ಹೇಳಿಕೆ ಮುಗಿದಿದೆಯಲ್ಲಮ್ಮ."

"ಮುಗದಿತ್ರಿ. ಇವರು ಹಲ್ಲು ಬ್ಯಾನಿ ಅಂದ್ರು, ಅದಕ್ಕ ಮತ್ತ ಶುರುವಾತ್ರಿ."

ಸರಕಾರಿ ವಕೀಲರು ಏನೋ ಅನ್ನಲು ಎದ್ದರು. ನ್ಯಾಯಾಧೀಶರು ಕೈ ಮಾಡಿ ಕುಂಡ್ರಿಸಿದರು. "ಹೇಳಿ."

"ಮಂಗಳವಾರ ಮುಂಜಾನಿ ಮನಿಯಿಂದ ಹೊಂಟಾಗ ನನ್ನ ತಮ್ಮಗ ಹಲ್ಲು ಬ್ಯಾನಿ ಇರಲಿಲ್ಲರಿ. ಹಲ್ಲು ಇದ್ದುವು. ಎಲ್ಲಾ ಇದ್ದುವು. ಬರಕೋರಿ. ನನ್ನ ಮಾತು ಬ್ಯಾಡಂದ್ರ ಇವರನ್ನ ಕೇಳ್ರಿ. ಜೀಪಿನಿಂದ ಇಳಿಸಿದಾಗ ಇವರು ಹೊರಗ ಟೇಬಲ್ಲಿನ ಮ್ಯಾಲಽ ಇದ್ದರಲ್ರಿ."

ಅವಳು ಇನ್ನೂ ಕುಂತಿರಲಿಲ್ಲ. ನ್ಯಾಯಾಧೀಶರು ದೇವಪ್ಪನ ಕಡೆ ನೋಡಿದರು.

"ಕರೆದುಕೊಂಡು ಬಂದಾಗ ನೋಡಿದ್ದೀರಾ?"

"ನೋಡೀನ್ರಿ."

"ಆಗ ಇವರ ಮುಂದಿನ ಹಲ್ಲು ಇದ್ದವೇ?"

ದೇವಪ್ಪ ಕಟ್ಟಿದ ಕೈ ಬಿಟ್ಟ. ಎಲ್ಲಿಡಬೇಕು ಅಂತ ತಿಳಿಯದೆ ಮತ್ತೆ ಕಟ್ಟಿದ. ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು. ಟೈಪಿಸ್ಟ್ ಹುಡುಗಿ ಬೆರಳು ಎತ್ತಿ ಹಿಡಿದು ಕಾಯುತ್ತಿದ್ದಳು.

"ಬಂದಾಗ ಇದ್ದುವ್ರಿ" ಅಂದ.