ಫಲಕದಲ್ಲೊಂದು ತೂತು

"ಸಾಧಕರ ಫಲಕದಲ್ಲಿ ನಿನ್ನ ಫೋಟೋನೂ ಇದೆಯಂತೆ! ಅದನ್ನ ಅನಾವರಣ ಮಾಡೋ ದಿನವಾದ್ರೂ ಬಾಯಿ ಮುಚ್ಕೊಂಡು ನಿಂತ್ಕೊ," ಎಂದಿದ್ದಳು ಅಮ್ಮ. ಹೂಂ ಎಂದು ಮಾತು ಕೊಟ್ಟಿದ್ದೆ. ವಿಶ್ವವಿದ್ಯಾಲಯದಲ್ಲಿ ನಾನು ಪಾಠ ಮಾಡುವ ಚಿತ್ರಕಲಾ ವಿಭಾಗವೂ ಒಂದಿದೆ ಎಂದು ಮೇಲಿನವರಿಗೆ ನೆನಪಾದದ್ದೇ ಅದು ಮೊದಲ ಸಲ.

ಸಮಾರಂಭದ ಹಿಂದಿನ ದಿನ ಪಡಸಾಲೆಗೆ ಬಂದು ನೋಡುತ್ತೇನೆ, ಬಡಗಿ ಏಣಿ ಹತ್ತಿ ನನ್ನ ಗೋಡೆಯ ಮೇಲೆ ಫಲಕದ ತೂತುಗಳಿಗೆ ಪೆನ್ಸಿಲ್ಲಿನಿಂದ ಗುರುತು ಮಾಡುತ್ತಿದ್ದಾನೆ! ನನ್ನ ಗೋಡೆ ಎಂದರೆ, ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಎರಡು ಬೇಸಿಗೆ ಬೆವರು ಸುರಿಸಿ ಬರೆದ ಭಿತ್ತಿಚಿತ್ರ: ಬಸ್ಸಿಗೆ ಕಾಯುತ್ತ ನಿಂತ ಹೆಂಗಸರ ಉದ್ದನೆಯ ಸಾಲು. ಸುಣ್ಣದ ಗಾರೆ ಹಸಿಯಾಗಿರುವಾಗಲೇ ಬಣ್ಣ ಹಚ್ಚಬೇಕು. ಆರಿದ ಮೇಲೆ ಬಣ್ಣ ಬೇರೆ, ಗೋಡೆ ಬೇರೆ ಎನ್ನುವಂತಿಲ್ಲ. ತೂತು ಬಿದ್ದರೆ ತೇಪೆ ಹಾಕಲು ಅದೇನು ಹಳೇ ಚಾದರವಲ್ಲ.

ನೆಲದ ಮೇಲಿದ್ದ ಮರದ ಫಲಕ ನೋಡಿದೆ; ಚೌಕಕ್ಕೊಬ್ಬರಂತೆ ಸಾಧಕರ ಫೋಟೋಗಳು. ನನ್ನ ಫೋಟೋದಲ್ಲಿ ಅದೇ ಗೋಡೆಯ ಮುಂದೆ ಹಲ್ಲು ಕಿರಿದು ನಿಂತಿದ್ದೇನೆ. ಕೆಳಗೆ, 'ಅಪೂರ್ವ ಭಿತ್ತಿಚಿತ್ರಕ್ಕಾಗಿ'. ಸಿಟ್ಟು ನೆತ್ತಿಗೇರಿತು. ಹೋಗಿ ಗೋಡೆಗೆ ಬೆನ್ನು ಕೊಟ್ಟು ನಿಂತೆ.

"ಸ್ವಲ್ಪ ಸರೀರಿ ಮೇಡಂ, ಡ್ರಿಲ್ ತಗುಲುತ್ತೆ," ಎಂದ ಬಡಗಿ.

"ತಗುಲಲಿ."

ಕುಲಸಚಿವರು ಓಡಿ ಬಂದರು. "ನಿಮ್ಮನ್ನ ಗೌರವಿಸೋಕೇ ಅಲ್ವಾ ಮೇಡಂ ಇದೆಲ್ಲ? ಬೆಳಕು ಚೆನ್ನಾಗಿ ಬೀಳೋದು ಈ ಗೋಡೆಗೆ. ನಾಲ್ಕೇ ತೂತು!"

"ಮೂಗು ಕೊಯ್ದು ಮೂಗುತಿ ಕೊಡ್ತೀರಾ ಸಾರ್? ಎದುರು ಗೋಡೆಗೆ ಹಾಕಿ."

"ಅಲ್ಲಿ ಕತ್ತಲು. ಯಾರು ನೋಡ್ತಾರೆ? ಹಟ ಮಾಡಿದ್ರೆ ಫಲಕದಿಂದ ನಿಮ್ಮನ್ನೇ ತೆಗೆಸಬೇಕಾಗುತ್ತೆ."

"ನಿಮಗ್ಯಾಕೆ ಆ ತೊಂದರೆ?"

ಬಡಗಿಯ ಡ್ರಿಲ್ ಇಸಿದುಕೊಂಡು ನನ್ನ ಫೋಟೋದ ಮೂಲೆಯಲ್ಲಿ ಕೊರೆದೆ. ಅವನದೇ ಸಣ್ಣ ಗರಗಸ ತೂರಿಸಿ ನನ್ನ ಚೌಕವನ್ನು ಕೊಯ್ದು ತೆಗೆದೆ. ನಾನು ಮತ್ತೆ ಗೋಡೆಗೆ ಬೆನ್ನು ಕೊಟ್ಟದ್ದೇ ಕುಲಸಚಿವರು ಹಣೆ ಚಚ್ಚಿಕೊಂಡು ಎದುರು ಗೋಡೆ ತೋರಿಸಿದರು. ಹೊಸ ಫಲಕಕ್ಕೆ ಹೊತ್ತಿರಲಿಲ್ಲ. ಬಡಗಿ ತೂತಾದ ಫಲಕವನ್ನೇ ಒಯ್ದು ಅಲ್ಲಿ ಹೊಡೆದ.

ಮನೆಗೆ ಹೋಗಿ ಚೌಕವನ್ನು ಅಮ್ಮನ ಕೈಗಿತ್ತು ನಡೆದದ್ದೆಲ್ಲ ಹೇಳಿದೆ.

"ಬಾಯಿ ಮುಚ್ಕೋ ಅಂದ್ರೆ ಕೈ ಬಿಚ್ಚಿದ್ಯಾ!" ಎಂದು ಬೈದಳು. ಊಟ ಬಡಿಸುವಾಗಲೂ ಮುಖ ಊದಿಸಿಕೊಂಡೇ ಇದ್ದಳು. ಆದರೂ ಮರುದಿನ ನನಗಿಂತ ಮೊದಲೇ ಹೊರಟು ನಿಂತಿದ್ದಳು.

ಮುಖ್ಯ ಅತಿಥಿಗಳು ಫಲಕದ ಪರದೆ ಸರಿಸಿದರು. ಚಪ್ಪಾಳೆ ಬಿತ್ತು. ಅವರು ಒಂದೊಂದೇ ಮುಖ ನೋಡುತ್ತ ಬಂದು ತೂತಿನ ಬಳಿ ನಿಂತರು.

"ಇದ್ಯಾರದು, ಖಾಲಿ?"

ಕುಲಸಚಿವರು ಕೆಮ್ಮಿದರು. ನಾನು ಕೊಟ್ಟ ಮಾತಿನಂತೆ ತುಟಿ ಪಿಟ್ಟೆನ್ನಲಿಲ್ಲ. ತಡೆಯಲಾಗದೆ ಬಾಯಿ ಬಿಟ್ಟವಳು ಅಮ್ಮ.

"ನನ್ನ ಮಗಳದು ಸ್ವಾಮಿ. ಅಷ್ಟು ಚಿಕ್ಕ ಚೌಕದಲ್ಲಿ ಅವಳೆಲ್ಲಿ ಹಿಡಿಸ್ತಾಳೆ? ಹಿಂದೆ ತಿರುಗಿ ನೋಡಿ."

ಅತಿಥಿಗಳು ತಿರುಗಿದರು. ಅವರ ಹಿಂದೆಯೇ ಪಡಸಾಲೆಯಲ್ಲಿದ್ದವರೆಲ್ಲ, ಕೊನೆಗೆ ಕುಲಸಚಿವರೂ, ಫಲಕಕ್ಕೆ ಬೆನ್ನು ಹಾಕಿ ನಿಂತರು.