ಹುಣಸೆಹಣ್ಣು ಹಾಕಿ ತಿಕ್ಕಿದ ಟೊಪ್ಪಿ

ನನ್ನ ಭಾವ ಜಟ್ಟಿಂಗಪ್ಪ ಕೆಟ್ಟವರಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನಾನು ಬೈಯುವುದು ಇದ್ದೇ ಇದೆ. ಅವರ ತಮ್ಮ ಹೂವಪ್ಪನೇ ನನ್ನ ಗಂಡ. ಸೈನ್ಯ ಸೇರಿ ಬರ್ಮಾಕ್ಕೆ ಹೋದವರು ನಲವತ್ತನಾಲ್ಕರಲ್ಲಿ ಕಾಣೆಯಾದರೆಂದು ಸರ್ಕಾರದಿಂದ ಕಾಗದ ಬಂತು. ಸತ್ತರು ಎಂದಲ್ಲ, ಕಾಣೆಯಾದರು ಎಂದು. ಆ ಒಂದು ಮಾತು ಹಿಡಿದುಕೊಂಡು ನಾನು ಕುಂಕುಮ ಇಟ್ಟುಕೊಂಡೇ ಬಂದೆ.

ಸ್ವಾತಂತ್ರ್ಯ ಬಂದ ಮರುವರ್ಷ ತೀರ್ಥಹಳ್ಳಿ ಕಡೆಯ ಪುಟ್ಟಪ್ಪನೆಂಬ ಸಿಪಾಯಿ ನಗರ ಎಂಬ ನಮ್ಮೂರಿನ ಮನೆಗೆ ಒಂದು ಪೆಟ್ಟಿಗೆ ಹೊತ್ತು ತಂದ. ಒಳಗೆ ಕಬ್ಬಿಣದ ಟೊಪ್ಪಿ. ಕುತ್ತಿಗೆ ಮುಚ್ಚಲು ಹಿಂದೆ ಇಳಿಬಿದ್ದ ಪಟ್ಟಿಗಳು, ಅವನ್ನು ಹೆಣೆದ ರೇಷ್ಮೆ ದಾರ, ಹಣೆಯ ಮೇಲೆ ಎರಡು ಕೊಂಬು. ಹಿಂದಿನ ಕಾಲದಲ್ಲಿ ಜಪಾನಿನ ವೀರರು ಯುದ್ಧಕ್ಕೆ ತೊಡುತ್ತಿದ್ದದ್ದಂತೆ. ನಮ್ಮನೆಯವರನ್ನು ಸೆರೆಹಿಡಿದು ಜಪಾನಿಗೇ ಒಯ್ದಿದ್ದರಂತೆ. ಯುದ್ಧ ಮುಗಿದ ಮೇಲೆ ಅಲ್ಲಿಗೆ ಕಾವಲಿಗೆ ಹೋದ ನಮ್ಮ ಪಲ್ಟನ್ನಿನಲ್ಲಿ ಪುಟ್ಟಪ್ಪ ಇದ್ದನಂತೆ, ಯಾವುದೋ ಹಳ್ಳಿಮನೆಯಲ್ಲಿ ಇವರನ್ನು ಕಂಡನಂತೆ.

"ಕಾಲು ಪೂರಾ ವಾಸಿ ಆಗ್ಲಿ, ಬರ್ತೀನಿ ಅಂದಾನೆ ಅಕ್ಕ. ಆ ಮನೆಯವ್ರು ಕೊಟ್ಟಿದ್ದಂತೆ ಇದು. ಅಲ್ಲೀವರೆಗೆ ಮನೇಲಿಟ್ಟಿರಿ ಅಂದ" ಎಂದ ಪುಟ್ಟಪ್ಪ. ಉಂಡ, ಹೋದ, ಎರಡು ಮಳೆಗಾಲ ಕಳೆಯುವುದರೊಳಗೆ ಜ್ವರ ಬಂದು ಸತ್ತೂ ಹೋದ.

"ಯಾವ್ದೋ ನಾಟಕ ಕಂಪನಿ ಟೊಪ್ಪಿ ಕೊಟ್ಟು ಕೋಳಿಸಾರು ಹೊಡ್ಕೊಂಡು ಹೋದ" ಎಂದು ಊರವರು ನಕ್ಕರು. ನಗಲಿ, ಅವರ ಹಲ್ಲು ಅವರ ಬಾಯಿ. ನನಗೆ ಅದು ಗಂಡನ ಆಯುಧ. ಪ್ರತಿ ವರ್ಷ ಆಯುಧಪೂಜೆಗೆ ಕತ್ತಿ, ಕೊಡಲಿ, ಗುದ್ದಲಿಗಳ ಜೊತೆ ಅದನ್ನೂ ಹುಣಸೆಹಣ್ಣು, ಇಟ್ಟಿಗೆಪುಡಿ ಹಾಕಿ ತಿಕ್ಕುತ್ತಿದ್ದೆ. ಮೇಲಿನ ಕಪ್ಪು ಬಣ್ಣವೆಲ್ಲ ಎದ್ದುಹೋಗಿ ಮುಖ ಕಾಣುವಷ್ಟು ಬೆಳ್ಳಗಾಯಿತು. ಸಂದುಗೊಂದಿನ ಕೊಳೆಯನ್ನು ತಲೆಪಿನ್ನಿನಿಂದ ಕೆರೆದು ತೆಗೆದೆ. ಗಂಧ, ಕುಂಕುಮ ಹಚ್ಚಿದಾಗ ಎಷ್ಟು ಚಂದ ಇತ್ತು ಗೊತ್ತಾ!

ಅರವತ್ತೆರಡರಲ್ಲಿ ಭಾವನ ಮಗಳಿಗೆ ಬಂದ ಸಂಬಂಧ ಮತ್ತೊಮ್ಮೆ ಮುರಿಯಿತು. ಭಾವ ಯಾವ ಜೋಯಿಸರ ಹತ್ತಿರ ನೋಟ ಕೇಳಿಸಿದರೂ ಒಂದೇ ಉತ್ತರ: ಮನೆಯಲ್ಲಿ ಸತ್ತವನೊಬ್ಬನಿಗೆ ಕರ್ಮ ಆಗಿಲ್ಲ, ಅವನು ಅನ್ನ ನೀರಿಲ್ಲದೆ ಹೊಸಿಲಲ್ಲೇ ನಿಂತಿದ್ದಾನೆ. ನಮ್ಮಲ್ಲಿ ಹೆಣ ಸಿಗದವರಿಗೆ ಹುಲ್ಲಿನ ಗೊಂಬೆ ಮಾಡಿ ಸುಡುತ್ತಾರೆ. ಸುಟ್ಟ ಮೇಲೆ ಹೆಂಡತಿಯ ಬಳೆ ಒಡೆಯುತ್ತಾರೆ.

"ಬದುಕಿರೋರನ್ನ ಸುಡ್ತೀರಾ ಭಾವ?" ಎಂದು ನಾನು ಅಂಗಳದಲ್ಲೇ ಕೂಗಿದೆ.

"ಬದುಕಿದ್ರೆ ಬರ್ತಿರ್ಲಿಲ್ವೇನೇ ದುರ್ಗಿ? ನನ್ನ ತಮ್ಮ ಅಲ್ವಾ ಅವ? ನಂಗೆ ಹೊಟ್ಟೆ ಉರಿಯಲ್ವಾ?" ಎಂದರು. ಆಮೇಲೆ ಅವರೇ ಒಂದು ದಾರಿ ಹೇಳಿದರು. ಹೊಸನಗರದಲ್ಲಿ ಮುಕುಂದಯ್ಯ ಎಂಬವರಿದ್ದರು. ಮುಂಬಯಿಯ ವಸ್ತುಸಂಗ್ರಹಾಲಯದಲ್ಲಿ ಹಳೆಯ ಆಯುಧಗಳನ್ನು ನೋಡಿಕೊಂಡಿದ್ದು ನಿವೃತ್ತರಾದವರು. ನಗರದ ಕೋಟೆಯಲ್ಲಿ ಕತ್ತಿಯ ಚೂರು ಸಿಕ್ಕಿದರೂ ಬಸ್ಸು ಹತ್ತಿ ಬರುತ್ತಿದ್ದರು. "ಯುದ್ಧ ಮುಗಿದ ಮೇಲೆ ಜಪಾನಿಂದ ಬಂದಿದ್ದು ಹೌದು ಅಂತ ಅವ್ರು ಹೇಳ್ಲಿ, ನಾ ಗೊಂಬೆ ಸುದ್ದಿ ಎತ್ತಲ್ಲ" ಎಂದರು ಭಾವ. ನಾನು ಒಪ್ಪಿದೆ. ನನಗೇನು ಹೆದರಿಕೆ?

ಮುಕುಂದಯ್ಯ ಜಗಲಿಯಲ್ಲಿ ಕುಳಿತು ಟೊಪ್ಪಿಯನ್ನು ಮಗುಚಿ ಹಾಕಿ ಒಳಗಡೆ ಬೆರಳಾಡಿಸಿದರು.

"ಇದು ನಾಟಕದ್ದಲ್ಲ" ಎಂದರು ಕೊನೆಗೆ. "ಅಚ್ಚ ಜಪಾನಿಂದು. ತಗಡು ತಗಡು ಸೇರಿಸಿ ಮೊಳೆ ಬಡಿದಿರೋ ಕ್ರಮ ನೋಡಿ. ಇನ್ನೂರು ವರ್ಷಕ್ಕೆ ಕಮ್ಮಿ ಇಲ್ಲ."

ನನಗೆ ಅಳು, ನಗು ಎರಡೂ ಒಟ್ಟಿಗೇ ಬಂತು. "ಕೇಳಿದ್ರಾ ಭಾವ! ಇನ್ನು ಯಾರ ಗೊಂಬೆ ಸುಡ್ತೀರಿ, ಸುಡಿ!" ಎಂದೆ.

ಭಾವ ನನ್ನ ಕಡೆ ನೋಡಲಿಲ್ಲ. "ಅದು ಜಪಾನು ಬಿಟ್ಟಿದ್ದು ಯಾವಾಗ ಅಯ್ಯ?" ಎಂದು ಕೇಳಿದರು.

"ಅದೇ ಕಷ್ಟ" ಎಂದರು ಮುಕುಂದಯ್ಯ. "ಎಂಬತ್ತು ವರ್ಷದ ಹಿಂದೆಯೇ ಬಿಳಿಯರು ಇಂಥವನ್ನ ಕೊಂಡು ತಂದು ಇಲ್ಲಿಯ ಬಂಗಲೆ ಗೋಡೆಗೆ ತೂಗಿಹಾಕಿದ್ರು. ದೇಶ ಬಿಡುವಾಗ ಬೆಳಗಾವಿ, ಪುಣೆಗಳಲ್ಲಿ ಎಷ್ಟೋ ಹರಾಜಾದವು. ಸಿಪಾಯಿ ಅಲ್ಲಿ ತಗೊಂಡಿದ್ರೂ ತಗೊಂಡಿರಬಹುದು. ಇಷ್ಟು ಹೊಳೆಯೋ ಹಾಗೆ ಯಾರು ತಿಕ್ಕಿದ್ದು?"

"ನಾನೇ" ಎಂದೆ, ಹೆಮ್ಮೆಯಿಂದಲೇ.

ಅವರು ಕಣ್ಣು ಮುಚ್ಚಿಕೊಂಡರು. "ಮೇಲಿನ ಕಪ್ಪು ಅರಗಿನ ಬಣ್ಣ ಇದ್ದಿದ್ರೆ ಎಲ್ಲಿ ತೂಗಿತ್ತು, ಯಾವ ಹೊಗೆ ಕುಡಿದಿತ್ತು ಅಂತ ಹೇಳ್ತಿದ್ದೆ. ಈ ದಾರ ನಮ್ಮ ಹತ್ತಿ. ಮೊದಲಿಂದು ಎಲ್ಲಿ?"

"ಲಡ್ಡಾಗಿ ಹರೀತಿತ್ತು. ಗೊಬ್ಬರಗುಂಡಿಗೆ ಹಾಕಿದೆ. ಇದು ನಾನೇ ಹೊಸೆದು ಮಂಜಿಷ್ಠದ ಕೆಂಪು ಬಣ್ಣ ಕಟ್ಟಿದ್ದು."

"ತಲೆಗೆ ತಾಗದ ಹಾಗೆ ಒಳಗೆ ಬಟ್ಟೆ ಇತ್ತಲ್ಲ?"

"ಬೆವರು ವಾಸನೆ. ಕಿತ್ತುಹಾಕಿದೆ."

"ಬರುವಾಗ ಒಳಗೆ ಏನಾದ್ರೂ ತುರುಕಿದ್ರಾ ತಾಯಿ? ನಜ್ಜುಗುಜ್ಜಾಗಬಾರದು ಅಂತ ಅಲ್ಲಿಯ ವೃತ್ತಪತ್ರಿಕೆ ತುರುಕಿ ಕಳಿಸ್ತಾರೆ. ಅದೊಂದು ಚೂರು ಸಿಕ್ಕಿದ್ರೂ ಸಾಕು, ಯಾವ ವರ್ಷದ್ದು ಅಂತ ತಿಳಿಸ್ತೀನಿ."

ಅಯ್ಯೋ ದೇವರೇ! ಇತ್ತು. ಕಾಗೆ ಕಾಲಿನಂಥ ಅಕ್ಷರದ ಕಾಗದದ ಉಂಡೆಗಳು ಇದ್ದವು. ಮೊದಲ ಆಯುಧಪೂಜೆಯ ದಿನ ಅವನ್ನೆಲ್ಲ ಎಳೆದು ಬಚ್ಚಲ ಒಲೆಗೆ ಹಾಕಿ, ಅದೇ ಬಿಸಿನೀರಲ್ಲಿ ಈ ಟೊಪ್ಪಿ ತೊಳೆದಿದ್ದೆ. ಹಾಗೆಂದು ಹೇಳಿದೆ.

"ಇಷ್ಟು ವರ್ಷ ಇಲ್ಲದ ಕಾಗದ ಈಗ ನೆನಪಾಯ್ತಾ?" ಎಂದರು ಭಾವ. ಜೋರಾಗಿ ಅನ್ನಲಿಲ್ಲ, ಮರುಕದಿಂದ ಅಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ನಾನು ಟೊಪ್ಪಿ ಕಿತ್ತುಕೊಂಡು ಪಟ್ಟಿ ಪಟ್ಟಿಯ ನಡುವೆ ಹುಡುಕಿದೆ. ಕಾಗದದ ಒಂದು ಎಳೆಯಾದರೂ ಇರಬಾರದೇ! ಎಲ್ಲಿರುತ್ತದೆ? ತಲೆಪಿನ್ನು ಹಾಕಿ ಕೆರೆದವಳು ನಾನು. ಅಷ್ಟು ಶುದ್ಧವಾಗಿ ಊರಿನಲ್ಲಿ ಇನ್ಯಾರೂ ತಿಕ್ಕುತ್ತಿರಲಿಲ್ಲ. ಮುಕುಂದಯ್ಯ ಕೊಡೆ ಎತ್ತಿಕೊಂಡು, "ಇದ್ದದ್ದು ಇದ್ದಹಾಗೇ ಇಡಬೇಕಿತ್ತು ತಾಯಿ" ಎಂದು ಬಸ್ಸಿಗೆ ಹೋದರು.

ಅಮಾವಾಸ್ಯೆಯ ದಿನ ಗೊಂಬೆ ಕಟ್ಟಿದರು. ಗೊಂಬೆಯ ಮೇಲೆ ಸತ್ತವನು ಬಳಸಿದ ವಸ್ತು ಒಂದಾದರೂ ಇರಬೇಕು ಎಂದರು ಕರ್ಮ ಮಾಡಿಸುವವರು. ನಮ್ಮನೆಯವರ ಪಂಚೆ, ಅಂಗಿಗಳನ್ನು ಎಂದೋ ಗೆದ್ದಲು ತಿಂದಿತ್ತು. ಭಾವ ಮನೆಯೆಲ್ಲ ಹುಡುಕಿ, ಕೊನೆಗೆ ಟೊಪ್ಪಿ ಹಿಡಿದುಕೊಂಡು ಬಂದರು.

"ಅವರದ್ದಲ್ಲ ಅಂದ್ರಲ್ಲ ಭಾವ?" ಎಂದೆ.

ಅವರು ಹೆಗಲ ಮೇಲಿನ ಬಟ್ಟೆಯಿಂದ ಮುಖ ಒರೆಸಿಕೊಂಡು, ಅದನ್ನು ಹುಲ್ಲಿನ ತಲೆಗೆ ಇಟ್ಟರು. ಜಾರುತ್ತಿತ್ತು. ನಾನೇ ಹೊಸೆದ ದಾರದಿಂದ ಗದ್ದದ ಕೆಳಗೆ ಕಟ್ಟಿದರು. ಆಮೇಲೆ ಬೆಂಕಿ ಕೊಟ್ಟರು.

ಭಾವನ ಮಗಳ ಮುಂದಿನ ಸಂಬಂಧವೂ ಮುರಿಯಿತು. ಆ ವರ್ಷ ಆಯುಧಪೂಜೆಗೆ ಬಳೆಯಿಲ್ಲದ ಬರಿಗೈಯಲ್ಲಿ ಕುಳಿತು ಕತ್ತಿ, ಕೊಡಲಿ, ಗುದ್ದಲಿ ಎಲ್ಲ ತಿಕ್ಕಿದೆ. ಬೂದಿಯಿಂದ ಎತ್ತಿ ತಂದ ಟೊಪ್ಪಿ ಕಪ್ಪಗೆ ಮೂಲೆಯಲ್ಲಿತ್ತು. ಹುಣಸೆಹಣ್ಣು ಮಿಕ್ಕಿತ್ತು. ನಾನು ಟೊಪ್ಪಿ ಮುಟ್ಟಲಿಲ್ಲ, ಇದ್ದಹಾಗೇ ಬಿಟ್ಟೆ.