ಬೆಂಕಿ ಹಲಗಿ

"ಎರಡೂ ಎಮ್ಮಿ ಉಳದಾವ ನೋಡೋ ಮಡಿವಾಳಪ್ಪ. ದೇವರು ದೊಡ್ಡಾವ."

ತಂಗಡಗಿಯಲ್ಲಿ ಹೊಳೆಯ ಸ್ನಾನ ಮುಗಿಸಿ ಬಂದು ನಾನು ಆಗಷ್ಟೇ ಬಸ್ಸಿನಿಂದ ಇಳಿದಿದ್ದೆ. ಹಣೆಯ ವಿಭೂತಿ ಇನ್ನೂ ಬೆವರಿಗೆ ಕರಗಿರಲಿಲ್ಲ. ಎದುರು ನಿಂತ ಧಣಿಯ ಅಂಗಿಯ ತುಂಬ ಬೂದಿ ಬಿದ್ದಿತ್ತು. ಯಾವ ಎಮ್ಮೆ, ಉಳಿದದ್ದು ಯಾತರಿಂದ ಎಂದು ನನಗೆ ತಿಳಿಯಲಿಲ್ಲ.

"ಏನಾತ್ರಿ ಧಣಿ?"

"ದನದ ಮನಿಗಿ ಬೆಂಕಿ ಬಿತ್ತು. ನಿನ್ನ ತಮ್ಮ ಒಳಗ ಹೋಗಿ ಕಣ್ಣಿ ಬಿಚ್ಚಿದ. ಎಮ್ಮಿ ಹೊರಗ ಬಂದುವು."

"ಸೋಮನಿಂಗ?"

ಧಣಿ ಬೇರೆ ಕಡೆ ನೋಡಿದರು. "ಅಂವ ಬರಲಿಲ್ಲ. ಮಾಡು ಕುಸದು ಬಿತ್ತು. ಒಂದು ಎಮ್ಮಿ ಬಿಚ್ಚಿ ಬಂದಿದ್ದ, ಎರಡನೇದಕ್ಕ ಮತ್ತ ಹ್ವಾದ, ಹುಚ್ಚ ಸೂಳಿಮಗ."

ನನ್ನ ತಮ್ಮ ಹೋದ ಸುದ್ದಿ ನನಗೆ ತಿಳಿದದ್ದು ಹೀಗೆ. ಎಮ್ಮೆಗಳ ಸುದ್ದಿ ಮೊದಲು, ಅವನ ಸುದ್ದಿ ಆಮೇಲೆ.

ಸೋಮನಿಂಗ ನಮ್ಮ ಕೇರಿಯಲ್ಲಿ ಚರ್ಮದ ಹಲಗಿ ಬಾರಿಸುವವನು. ಹಗಲು ಧಣಿಯ ಮನೆಯಲ್ಲಿ ಸಗಣಿ ಬಳಿಯುತ್ತಿದ್ದ. ಕರೆ ಬಂದ ದಿನ ಹಲಗಿ ಹೆಗಲಿಗೇರಿಸುತ್ತಿದ್ದ. ನಗದೆ ಒಂದು ಮಾತು ಆಡಿದವನಲ್ಲ. ಧಣಿ ಹೊಟ್ಟೆ ಹೊತ್ತು ನಡೆಯುವ ನಡಿಗೆಗೆ ಒಂದು ಪೆಟ್ಟು ಕಟ್ಟಿದ್ದ. ಅವರು ಮುಂದೆ ಹೋಗುತ್ತಿದ್ದರೆ ಇವನು ಹಿಂದಿನಿಂದ ಮೆಲ್ಲಗೆ ಬೆರಳಲ್ಲಿ ನುಡಿಸುವನು. ಕೇರಿಯ ಹೆಂಗಸರು ಸೆರಗು ಬಾಯಿಗೆ ತುರುಕಿಕೊಂಡು ಓಡುವರು. "ನಾ ಸತ್ತ ದಿನ ಹಲಗಿ ನೆಟ್ಟಗ ಬಾರಸ್ರಿ ಮತ್ತ. ಒಂದು ಪೆಟ್ಟು ತಪ್ಪಿದ್ರ ಎದ್ದು ಕೂಡ್ತೇನಿ" ಎನ್ನುತ್ತಿದ್ದ.

ಹಲಗಿಗೆ ಮದುವೆಯ ಪೆಟ್ಟು ಬೇರೆ, ಸಾವಿನ ಪೆಟ್ಟು ಬೇರೆ, ಡಂಗುರದ್ದು ಬೇರೆ. ಇವಲ್ಲದೆ ನಮ್ಮ ಊರಲ್ಲಿ ಬೆಂಕಿ ಹಲಗಿ ಎಂದು ಇನ್ನೊಂದಿದೆ. ಅದು ಕಿವಿಗೆ ಬಿದ್ದರೆ ಯಾವ ಜಾತಿಯವನಾದರೂ, ಉಣ್ಣುತ್ತ ಕುಳಿತವನಾದರೂ, ಕೈಗೆ ಸಿಕ್ಕ ಪಾತ್ರೆಯಲ್ಲಿ ನೀರು ಹಿಡಿದು ಓಡಿ ಬರಬೇಕು. ಬೆಂಕಿಗೆ ಎತ್ತಿದ ನೀರನ್ನು ತಿರುಗಿ ಮನೆಗೆ ಒಯ್ಯಬಾರದು. ಹಲಗಿ ನಿಲ್ಲುವವರೆಗೆ ಜನ ನಿಲ್ಲಬಾರದು. ಹಿರಿಯರು ಮಾಡಿಟ್ಟ ಕಟ್ಟಳೆ ಅದು. ಉಳಿದ ದಿನ ನಮ್ಮ ಕೈಯ ನೀರು ಮುಟ್ಟದವರು ಸಹ ಆ ಹೊತ್ತಿಗೆ ನಮ್ಮ ಕೊಡ ಇಸಿದುಕೊಂಡು ಸುರುವುತ್ತಾರೆ.

ಆ ದಿನ ಬೆಂಕಿ ಹಲಗಿ ಬಾರಿಸಿದವನು ಸೋಮನಿಂಗನೇ. ಜನ ಬಂದರು. ಎಮ್ಮೆಗಳು ಒಳಗೆ ಒದರಿದಾಗ ಹಲಗಿಯನ್ನು ಹೆಂಡತಿ ಶಂಕ್ರೆವ್ವನ ಕೈಗೆ ಕೊಟ್ಟು ಹೊಗೆಯೊಳಗೆ ನುಗ್ಗಿದ. ಬೆಂಕಿ ಆರಿಸುವ ಸರಕಾರಿ ಗಾಡಿ ಮಾತ್ರ ಬರಲಿಲ್ಲ. ಅದರ ಠಾಣೆ ದೂರದಲ್ಲೇನೂ ಇಲ್ಲ. ನಮ್ಮ ಕೇರಿಯ ಬೆನ್ನಿಗೇ ಅದರ ಗೋಡೆ. ಅಲ್ಲಿ ದಿನಗೂಲಿಗೆ ದುಡಿಯುವ ಹಾಜಿಮಲಂಗ ಎರಡು ಬಕೀಟು ನೀರು ಹೊತ್ತು ಓಡಿ ಬಂದಿದ್ದ. "ಗಾಡಿ ಎಲ್ಲೋ?" ಎಂದು ಕೇಳಿದವರಿಗೆ, "ನಾನ ಗಾಡಿ, ಸರೀರಿ ಮುಂದ" ಎಂದನಂತೆ.

ಮಣ್ಣು ಮಾಡಿ ಬಂದ ಕೆಲವು ದಿನಗಳ ಮೇಲೆ ಅದೇ ಹಾಜಿಮಲಂಗ ನಮ್ಮ ಅಂಗಳಕ್ಕೆ ಬಂದು ತಲೆ ತಗ್ಗಿಸಿ ಕುಳಿತ.

"ಕಾಕಾ, ನಮ್ಮ ಸಾಹೇಬ ಮ್ಯಾಲಿನವ್ರಿಗೆ ಹೇಳ್ಯಾನ. ಗಾಡಿ ಹೊತ್ತಿಗಿ ಸರಿಯಾಗಿ ಹೋಗಿತ್ತು, ಸತ್ತಾವ ಕುಡದ ಅಮಲಿನ್ಯಾಗ ಬೆಂಕ್ಯಾಗ ಬಿದ್ದ ಅಂತ."

ಶಂಕ್ರೆವ್ವ ರೊಟ್ಟಿ ಬಡಿಯುತ್ತಿದ್ದಳು. ಅವಳ ಕೈ ನಿಂತಿತು.

"ಕುಡಕ ಅಂದ್ನಾ? ಶೇಂದಿ ಗಡಿಗಿ ಮುಂದ ಹಾದ್ರ ಮೂಗು ಮುಚ್ಚಿಕೊಳ್ಳಾವ ನನ್ನ ಗಂಡ. ಬೆಂಕ್ಯಾಗ ಸತ್ತ ಅಂದ್ರ ತಡಕೊಂಡೇನಿ. ಕುಡದು ಸತ್ತ ಅಂದ್ರ ತಡಕೊಳ್ಳಾಂಗಿಲ್ಲ. ಆ ಮಾತು ಅವನ ಬಾಯಿಲೇ ನುಂಗಸ್ತೇನಿ."

ಮತ್ತೆ ರೊಟ್ಟಿ ಬಡಿಯತೊಡಗಿದಳು. ಅವಳ ರೊಟ್ಟಿಯ ಸದ್ದನ್ನು ನಾನು ಆವರೆಗೆ ಲಕ್ಷ್ಯಕೊಟ್ಟು ಕೇಳಿರಲಿಲ್ಲ. ತಮ್ಮ ಪಡಸಾಲೆಯಲ್ಲಿ ಯಾವ ಪೆಟ್ಟು ರೂಢಿ ಮಾಡುತ್ತಿದ್ದನೋ ಅದೇ ಪೆಟ್ಟಿಗೆ ಇವಳು ಒಳಗೆ ರೊಟ್ಟಿ ಬಡಿದು ಬಡಿದು ಅವೆಲ್ಲ ಅವಳ ಅಂಗೈಯಲ್ಲಿ ಕುಳಿತಿದ್ದವು.

ಆಗ ಶಾಸಕರ ಸಮಿತಿ ಬರುವ ಸುದ್ದಿ ಬಂತು. ಪೊಲೀಸು, ಜೈಲು, ಕೋರ್ಟು, ಬೆಂಕಿ ಗಾಡಿ ಇವೆಲ್ಲ ಜನರಿಗೆ ಸರಿಯಾಗಿ ಒದಗುತ್ತಿವೆಯೋ ಇಲ್ಲವೋ ಎಂದು ಸರಕಾರವನ್ನು ಕೇಳುವುದು ಆ ಸಮಿತಿಯ ಕೆಲಸವಂತೆ. ಊರೂರು ತಿರುಗಿ ನೋಡಿ ವಿಧಾನಸಭೆಗೆ ವರದಿ ಕೊಡುತ್ತದಂತೆ. ನಮ್ಮ ಠಾಣೆಗೂ ಬರುವುದೆಂದು ತಿಳಿದ ಮೇಲೆ ಠಾಣೆಯ ಸಾಹೇಬ ಜೀಪಿನಲ್ಲಿ ನಮ್ಮ ಕೇರಿಯ ಬಾಯಿಗೆ ಬಂದ. ಕೆಳಗೆ ಇಳಿಯಲಿಲ್ಲ.

"ಏ, ಯಾರದೀರಲೇ? ನಾಳಿ ದೊಡ್ಡ ಮಂದಿ ಬರ್ತಾರ. ನಾಕ್ ಹಲಗಿ ಬೇಕು. ಮುಂಜಾನೆ ಬಂದು ನಿಂದರ್ರಿ."

ನಾನು ಕೈಮುಗಿದೆ. "ಮನ್ಯಾಗ ಸಾವಾಗಿ ತಿಂಗಳ ಸೈತ ಆಗಿಲ್ರಿ ಸಾಹೇಬ್ರ. ಸೂತಕ ಐತ್ರಿ."

"ನಿಮಗೆಂಥಾ ಸೂತಕಲೇ ನಿಮ್ಮೌವ್ನ. ಹೆಣದ ಮುಂದ ಬಾರಿಸಿ ಉಣ್ಣಾ ಮಕ್ಕಳು ಸೂತಕದ ಮಾತ ಆಡ್ತಾವ. ಬರದಿದ್ರ ನಿಮ್ಮ ಗುಡಸಲದ ಕರೆಂಟ್ ಕತ್ತರಸ್ತೇನಿ ನೋಡು."

ಶಂಕ್ರೆವ್ವ ಬಾಗಿಲಿಗೆ ಬಂದು ನಿಂತಳು. "ಬರ್ತೇವ್ರಿ ಸಾಹೇಬ್ರ. ಹಲಗಿ ಕಾಸಾಕ ನಾನೂ ಬರ್ತೇನಿ."

"ಹಾಂ, ಆಕಿಗಿ ಬುದ್ಧಿ ಐತಿ ನೋಡು" ಎಂದು ಸಾಹೇಬ ಜೀಪು ತಿರುಗಿಸಿದ.

ಮರುದಿನ ಠಾಣೆಯ ಗಾಡಿ ಮದುಮಗಳಂತೆ ನಿಂತಿತ್ತು. ಕೆಂಪು ಬಣ್ಣ ಇನ್ನೂ ಕೈಗೆ ಅಂಟುತ್ತಿತ್ತು. ಮುಂದೆ ಚೆಂಡು ಹೂವಿನ ಮಾಲೆ, ಗಾಲಿಗೆ ಕುಂಕುಮ, ನಿಂಬೆಹಣ್ಣು.

"ಎದ್ದು ಓಡು ಹಾಂಗ ಕಾಣ್ತದಲ್ಲೋ" ಎಂದೆ.

ಹಾಜಿಮಲಂಗ ನನ್ನ ಕಿವಿಗೆ ಬಾಯಿ ಇಟ್ಟ. "ಕಾಕಾ, ಬ್ಯಾಟ್ರಿ ಸತ್ತು ವರ್ಷಾತು. ರಾತ್ರಿ ಟ್ರ್ಯಾಕ್ಟರಿಗಿ ಕಟ್ಟಿ ಎಳದು ತಂದು ನಿಂದರಿಸೇವಿ. ಹೊರಗ ಮದಲಗಿತ್ತಿ, ಒಳಗ ಮಯ್ಯತ್, ಬರೇ ಹೆಣ."

ಹಲಗಿಯ ಚರ್ಮವನ್ನು ಬೆಂಕಿಗೆ ಹಿಡಿದು ಬಿಗಿ ಮಾಡದಿದ್ದರೆ ಅದು ಒದ್ದೆ ಗೋಣಿಯಂತೆ ನುಡಿಯುತ್ತದೆ. ಶಂಕ್ರೆವ್ವ ಠಾಣೆಯ ಅಂಗಳದ ಮೂಲೆಯಲ್ಲಿ, ಹೊತ್ತು ತಂದಿದ್ದ ಒಣ ಜೋಳದ ಕಣಿಕಿಯ ಹೊರೆಯಿಂದ ಒಂದು ಹಿಡಿ ಕಿತ್ತು ಬೆಂಕಿ ಹಚ್ಚಿದಳು. ಸಾಹೇಬ ಓಡಿ ಬಂದ.

"ಏ ಹಲ್ಕಟ್, ಬೆಂಕಿ ಆರಸು ಠಾಣ್ಯಾಗ ಬೆಂಕಿ ಹಚ್ತೀಯೇನ?"

"ನೀವ ಆರಸ್ರೆಲಾ ಸಾಹೇಬ್ರ. ನಿಮ್ಮ ಕೆಲಸ ಅಲ್ಲೇನ್ರಿ?" ಎಂದಳು ಅವಳು. ನಮ್ಮ ಹುಡುಗರು ಕಿಸಕ್ಕನೆ ನಕ್ಕರು. ಅಷ್ಟರಲ್ಲಿ ಕಾರುಗಳು ಬಂದವು. ಸಾಹೇಬ ಬೈಗಳನ್ನು ನುಂಗಿಕೊಂಡು ಮಾಲೆ ಹಿಡಿದು ಓಡಿದ.

ನಾವು ಸ್ವಾಗತದ ಪೆಟ್ಟು ಬಾರಿಸಿದೆವು. ಸಮಿತಿಯ ಅಧ್ಯಕ್ಷರು ನೂಲಿನ ಸೀರೆಯುಟ್ಟ ವಯಸ್ಸಾದ ಹೆಣ್ಣುಮಗಳು, ದಕ್ಷಿಣದ ಕಡೆಯವರು. ಕುರ್ಚಿಯಲ್ಲಿ ಕುಳಿತವರೇ ಕೇಳಿದರು:

"ಹೋದ ತಿಂಗಳು ಇಲ್ಲಿ ಒಬ್ಬರು ಬೆಂಕಿಯಲ್ಲಿ ತೀರಿಕೊಂಡರಲ್ಲ. ನಿಮ್ಮ ವಾಹನ ಹೋಗಿತ್ತೇ?"

"ಫೋನ್ ಬಂದ ಕೂಡಲೇ ಹೋಗಿತ್ರಿ ಮೇಡಂ. ಅವ ಕುಡದಿದ್ದ. ನಮ್ಮ ಮಂದಿ ತಡದ್ರೂ ಕೇಳಲಿಲ್ಲ, ಒಳಗ ಬಿದ್ದ."

ಅವರು ತಲೆಯಾಡಿಸಿದರು. ಪಕ್ಕದವರು ಅದನ್ನು ಬರೆದುಕೊಂಡರು.

ಶಂಕ್ರೆವ್ವ ಆಗ ಗಂಡನ ಹಲಗಿಯನ್ನು ಬೆಂಕಿಗೆ ಹಿಡಿದು ನಿಂತಿದ್ದಳು. ಬೆರಳಿನಿಂದ ಒಂದು ಸಲ ಮೀಟಿ ನೋಡಿದಳು. ಖಣ್ ಎಂದಿತು. ಪಕ್ಕದಲ್ಲಿದ್ದ ಕಣಿಕಿಯ ಹೊರೆಯನ್ನು ಅಷ್ಟೂ ಬೆಂಕಿಗೆ ಒಗೆದಳು. ಉರಿ ಆಳೆತ್ತರ ಎದ್ದಿತು. ಹಲಗಿಯನ್ನು ಹೆಗಲಿಗೆ ಹಾಕಿಕೊಂಡಳು. ಹೆಣ್ಣುಮಕ್ಕಳು ಹಲಗಿ ಹಾಕಿಕೊಳ್ಳುವುದು ನಮ್ಮ ಕೇರಿಯಲ್ಲೂ ಇಲ್ಲ. ನಾನು ಬೇಡ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಬೆಂಕಿ ಹಲಗಿ ಶುರುವಾಗಿತ್ತು.

ಢಣ್ ಢಣ್ ಢಣಣ. ಢಣ್ ಢಣ್ ಢಣಣ.

ತಮ್ಮನ ಕೈಯೇ ಅದು. ನಾನೂ ಕೋಲು ಎತ್ತಿದೆ. ಉಳಿದವರೂ ಎತ್ತಿದರು.

"ಇದೇನು, ಪೆಟ್ಟು ಬದಲಾಯಿತಲ್ಲ?" ಎಂದರು ಅಧ್ಯಕ್ಷರು.

ನಾನು ಬಾರಿಸುತ್ತಲೇ ಹೇಳಿದೆ. "ಬೆಂಕಿ ಬಿದ್ದೈತಿ, ಬರ್ರಿ ಅನ್ನೂ ಪೆಟ್ಟು ತಾಯಿ ಇದು."

ಅವರು ಉರಿಯನ್ನು ನೋಡಿದರು, ಮಾಲೆ ಹಾಕಿದ ಗಾಡಿಯನ್ನು ನೋಡಿದರು, ಸಾಹೇಬನನ್ನು ನೋಡಿದರು. "ಒಳ್ಳೆಯದಾಯಿತು. ಬೆಂಕಿಯೂ ಇದೆ, ಗಾಡಿಯೂ ಇದೆ. ಆರಿಸಿ ತೋರಿಸಿ."

ಸಾಹೇಬನ ಮುಖ ಸುಣ್ಣವಾಯಿತು. ಹಾಜಿಮಲಂಗನಿಗೆ ಕಣ್ಸನ್ನೆ ಮಾಡಿದ. ಹಾಜಿಮಲಂಗ ಮೇಲೆ ಹತ್ತಿ, ಬಿಸ್ಮಿಲ್ಲಾ ಎಂದು ಕೀಲಿ ತಿರುಗಿಸಿದ. ಟಕ್ ಎಂದಿತು. ಮತ್ತೆ ತಿರುಗಿಸಿದ. ಈ ಸಲ ಟಕ್ ಸಹ ಅನ್ನಲಿಲ್ಲ.

"ನೂಕ್ರೆಲೇ" ಎಂದು ಸಾಹೇಬ ಒದರಿದ. ಬಂದೋಬಸ್ತಿಗೆ ಬಂದಿದ್ದ ಪೊಲೀಸರು ನೂಕಿದರು, ಅವರ ಜೊತೆಗೆ ಇಬ್ಬರು ಶಾಸಕರೂ ಕೈ ಹಚ್ಚಿದರು. ಅವರ ಬಿಳಿ ಅಂಗಿಗಳ ಮೇಲೆ ಕೆಂಪು ಅಂಗೈಗಳು ಮೂಡಿದವು. ಮಾಲೆ ಹರಿದು ಬಿತ್ತು. ಗಾಡಿ ನಿಂಬೆಹಣ್ಣುಗಳನ್ನು ಅಪ್ಪಚ್ಚಿ ಮಾಡುವಷ್ಟು ಮುಂದೆ ಸರಿದು ನಿಂತುಬಿಟ್ಟಿತು.

ಅಷ್ಟರಲ್ಲಿ ಗೇಟಿನಲ್ಲಿ ಜನ. ಎಲ್ಲರಿಗಿಂತ ಮುಂದೆ ಹಾಜಿಮಲಂಗನ ತಾಯಿ ಹಜರಾಬಿ, ತಲೆಯ ಮೇಲೆ ಕೊಡ, ಕೈಯಲ್ಲಿ ಚರಿಗೆ. ಅವಳ ಹಿಂದೆ ನಮ್ಮ ಕೇರಿಯ ಹೆಂಗಸರು, ಚಹದ ಅಂಗಡಿಯವನು ಚಹದ ಕಿಟ್ಲಿಯೊಂದಿಗೆ, ಅರ್ಧ ಗಡ್ಡ ಬೋಳಿಸಿಕೊಂಡವನೊಬ್ಬ ತಂಬಿಗೆಯೊಂದಿಗೆ. ಬಂದವರೇ ಸುರುವಿದರು. ಉರಿ ಚೊಂಯ್ ಎಂದು ಸತ್ತಿತು. ಸಾಹೇಬನ ಬೂಟಿನಲ್ಲಿ ನೀರು ತುಂಬಿತು.

"ನೀವೆಲ್ಲ ಹೇಗೆ ಬಂದಿರಿ?" ಎಂದು ಅಧ್ಯಕ್ಷರು ಕೇಳಿದರು.

ಹಜರಾಬಿ ಏದುಸಿರು ಬಿಡುತ್ತ, "ಕಾಲಿಲೇ ಬಂದ್ವಿರಿ ಬಾಯಾರ. ಬೆಂಕಿ ಹಲಗಿ ಬಾರಿಸಿದ ಮ್ಯಾಲ ಬರದಿದ್ರ ಹೆಂಗ?" ಎಂದಳು. ಗಾಡಿಯ ಕಡೆ ನೋಡಿದಳು. "ಅಯ್ಯ, ಇದೂ ಬಂದೈತೇನ? ಆವತ್ತ ಬರದಿದ್ರೂ ಇವತ್ತರ ಬಂತಲ್ಲ."

ಇಡೀ ಅಂಗಳ ನಕ್ಕಿತು. ಶಾಸಕರೂ ನಕ್ಕರು. ಶಂಕ್ರೆವ್ವ ನಗಲಿಲ್ಲ. ಹಲಗಿಯನ್ನು ನಿಲ್ಲಿಸಲೂ ಇಲ್ಲ. ಹಲಗಿ ನಿಲ್ಲದೆ ಜನ ನಿಲ್ಲುವಂತಿಲ್ಲ. ಮತ್ತೆ ಮತ್ತೆ ನೀರು ಬರತೊಡಗಿತು. ಬೆಂಕಿ ಇಲ್ಲದ್ದರಿಂದ ಕೊಡಗಳೆಲ್ಲ ಸಾಹೇಬನ ಸುತ್ತ ಬರಿದಾದವು. ಅವನ ಪಾದಗಳು ಕೆಸರಿನಲ್ಲಿ ಹೂತವು.

"ನಿಂದರಸವಾ ತಾಯಿ" ಎಂದ ಅವನು. ಅವನ ಬಾಯಿಂದ ತಾಯಿ ಎಂಬ ಶಬ್ದ ಬಂದದ್ದನ್ನು ನಮ್ಮ ಕೇರಿ ಅಂದೇ ಕೇಳಿತು.

ಶಂಕ್ರೆವ್ವ ಬಾರಿಸುತ್ತಲೇ ಅವನ ಎದುರು ಬಂದು ನಿಂತಳು. "ಕುಡದಾವ ಈ ಪೆಟ್ಟು ಹಿಡೀತಾನೇನ್ರಿ? ನೀವು ಕುಡದಿಲ್ಲಲಾ, ನೀವ ಹಿಡೀರಿ ನೋಡೂಣ" ಎಂದು ಒಂದು ಕೈಯಿಂದ ಹಲಗಿಯನ್ನು ಮುಂದೆ ಚಾಚಿದಳು. ನಮ್ಮ ಚರ್ಮದ ಹಲಗಿ ಎದೆಗೆ ಬಂದಾಗ ಸಾಹೇಬ ಎರಡು ಹೆಜ್ಜೆ ಹಿಂದೆ ಸರಿದ. ಅದನ್ನು ಎಲ್ಲರೂ ನೋಡಿದರು. ಅಧ್ಯಕ್ಷರೂ ನೋಡಿದರು.

"ಬ್ಯಾಡ್ರಿ. ಮುಟ್ಟಬ್ಯಾಡ್ರಿ. ಆವತ್ತ ಗಾಡಿ ಬಂದಿತ್ತೋ ಇಲ್ಲೋ, ಹೇಳ್ರಿ. ನನ್ನ ಗಂಡ ಕುಡದಿದ್ನೋ ಇಲ್ಲೋ, ಹೇಳ್ರಿ. ಹಲಗಿ ನಿಂದರಸ್ತೇನಿ."

ಮತ್ತೆ ಢಣ್ ಢಣ್ ಢಣಣ. ಮತ್ತೆ ನಾಲ್ಕು ಕೊಡ ಬಂದವು.

"ಬಂದಿರಲಿಲ್ಲ" ಎಂದು ಸಾಹೇಬ ಮೂಗಿನಲ್ಲಿ ಅಂದ.

"ಕೇಳಸಲಿಲ್ರೀ" ಎಂದಿತು ಜನ.

"ಗಾಡಿ ಬಂದಿರಲಿಲ್ಲ. ಅಂವ ಕುಡದಿರಲಿಲ್ಲ."

"ಹಿಂದ ಕಿವುಡರು ಅದಾರ್ರಿ" ಎಂದಳು ಹಜರಾಬಿ.

ಅವನು ಕೂಗಿ ಹೇಳಿದ. ಠಾಣೆಯ ಗೋಡೆ ದಾಟಿ ನಮ್ಮ ಕೇರಿಯವರೆಗೆ ಕೇಳುವಂತೆ ಹೇಳಿದ. ಹಲಗಿ ನಿಂತಿತು.

"ಇದನ್ನು ಹೀಗೆಯೇ ಬರೆದುಕೊಳ್ಳಿ. ಸಭೆಯ ಮುಂದೆ ಇಡುತ್ತೇವೆ" ಎಂದರು ಅಧ್ಯಕ್ಷರು.

"ಇಡ್ರಿ ತಾಯಿ" ಎಂದಳು ಶಂಕ್ರೆವ್ವ. "ಗಾಡಿ ಬರೂ ಮಟ ನಾವು ಹಲಗಿ ಕಾಸಿ ಇಟ್ಟಿರ್ತೇವಿ."

ಕಾರುಗಳು ಹೋದವು. ಸಾಹೇಬ ಕೆಸರಿನಿಂದ ಕಾಲು ಕಿತ್ತುಕೊಂಡು ಹಾಜಿಮಲಂಗನ ಕಡೆ ತಿರುಗಿದ. "ನಾಳಿಯಿಂದ ನೀ ಬರಬ್ಯಾಡ."

"ಆತ್ರಿ. ಗಾಡಿನೂ ಬರಂಗಿಲ್ಲ, ನಾನೂ ಬರಂಗಿಲ್ಲ. ಜೋಡಿ ಆತ್ರಿ" ಎಂದು ಹಾಜಿಮಲಂಗ ಕೀಲಿಯನ್ನು ಅವನ ಕೈಗಿಟ್ಟು ನಮ್ಮೊಡನೆ ಹೊರಟ.

ಇನ್ನೂ ಕೆಲವು ಕೊಡಗಳಲ್ಲಿ ನೀರು ಉಳಿದಿತ್ತು. ಮನೆಗೆ ಒಯ್ಯುವಂತಿಲ್ಲ. ಹೆಂಗಸರು ತಾವಾಗಿಯೇ ಹಳ್ಳದ ದಂಡೆಗೆ ತಿರುಗಿದರು. ಅಲ್ಲಿ ಸೋಮನಿಂಗನ ಗುಂಡಿಯ ಮಣ್ಣು ಇನ್ನೂ ಕೂತಿರಲಿಲ್ಲ. ಒಬ್ಬೊಬ್ಬರಾಗಿ ಸುರುವಿದರು. ಹಜರಾಬಿ ಚರಿಗೆಯ ಕೊನೆಯ ನೀರು ಹಾಕಿ, "ತಣ್ಣಗ ಮಲಗಪ್ಪಾ" ಎಂದಳು.

ಶಂಕ್ರೆವ್ವ ಹಲಗಿ ಎತ್ತಿಕೊಂಡು ಮದುವೆಯ ಪೆಟ್ಟು ಬಾರಿಸಿದಳು. ಅದು ಅವನಿಗೆ ಬಹಳ ಪ್ರೀತಿಯದು. ಚೆನ್ನಾಗಿಯೇ ನಡೆದಿತ್ತು. ನಡುವೆ ಒಂದು ಪೆಟ್ಟು ತಪ್ಪಿತು. ಅವಳು ನಿಲ್ಲಿಸಿ ಹಸಿ ಮಣ್ಣನ್ನು ನೋಡುತ್ತ ನಿಂತಳು.

"ಯಾಕವಾ, ಕೈ ಸೋತಾವೇನ?" ಎಂದೆ.

"ಇಲ್ರಿ ಭಾವಾರ. ಬೇಕಂತ ತಪ್ಪಿಸಿದ್ನಿ. ಏಳ್ತಾನೇನೋ ನೋಡೂಣ ಅಂತ."

ಹಜರಾಬಿಗೆ ನಗು ಬಂತು. ಆಮೇಲೆ ಅವಳೇ ಸೆರಗನ್ನು ಕಣ್ಣಿಗೆ ಒತ್ತಿಕೊಂಡಳು. ನಾನು ಕಣ್ಣು ಮುಚ್ಚಿ ಕೈ ಜೋಡಿಸಿದೆ.

ಶಿವನೇ, ನನ್ನ ತಮ್ಮ ಬೆಂಕಿಯ ದಾರಿಯಿಂದ ನಿನ್ನ ಹತ್ತಿರ ಬಂದಿದ್ದಾನೆ. ಅವನಿಗೆ ತಣ್ಣಗಿನ ನೆರಳು ಕೊಡು. ಅಲ್ಲಿ ಯಾರೂ ಜೀಪಿನಲ್ಲಿ ಕುಳಿತು ಅವನನ್ನು ಕರೆಯದಿರಲಿ. ಇಲ್ಲಿ ನಮ್ಮ ಪೆಟ್ಟು ತಪ್ಪಿದರೂ ಎಚ್ಚರಾಗದಂಥ ನಿದ್ದೆಯನ್ನು ಅವನಿಗೆ ದಯಪಾಲಿಸು.